ನನ್ನ ಹರಳು, ಅತ್ತೆಯ ಹರಳು

ನೋವು ಮೊದಲ ಸಲ ಬಂದದ್ದು ಶಾಲೆಯಲ್ಲಿ. ಮಸ್ಕಿಯ ನಮ್ಮ ಪ್ರೌಢಶಾಲೆಯ ಹಿರಿಯ ಶಿಕ್ಷಕರೊಬ್ಬರಿಗೆ ಅಂದು ನಿವೃತ್ತಿಯ ಸತ್ಕಾರವಿತ್ತು. ನಾಷ್ಟಾಕ್ಕೆ ಮಂಡಾಳ, ಅಂದರೆ ಮಂಡಕ್ಕಿಯ ಒಗ್ಗರಣೆ, ಜೊತೆಗೆ ಬಿಸಿ ಮಿರ್ಚಿ ಭಜಿ. ನಾನು ಆಸೆಪಟ್ಟು ಎರಡನೇ ಸಲ ಹಾಕಿಸಿಕೊಂಡು ತಿಂದೆ. ಭಾಷಣಗಳೆಲ್ಲ ಮುಗಿದು ತರಗತಿಯಲ್ಲಿ ಪಾಠಕ್ಕೆ ನಿಂತಾಗ ಬಲಪಕ್ಕೆಯ ಕೆಳಗೆ ಯಾರೋ ಮುಷ್ಟಿ ತುರುಕಿ ತಿರುವಿದಂತಾಯಿತು. ನೋವು ಅಲ್ಲಿಗೇ ನಿಲ್ಲದೆ ಬೆನ್ನಿಗೆ ಹೋಗಿ ಬಲಭುಜದ ಕೆಳಗೆ ಕೂತಿತು. ಬೋರ್ಡಿನ ಕಡೆ ತಿರುಗಿ, ಬರೆಯುವವಳಂತೆ ಸೀಮೆಸುಣ್ಣ ಹಿಡಿದು ನಿಂತೆ. ಮಕ್ಕಳಿಗೆ ಮುಖ ಕಾಣಬಾರದೆಂಬುದೊಂದೇ ನನ್ನ ಯೋಚನೆ.

ಸ್ಟಾಫ್ ರೂಮಿನಲ್ಲಿ ಗೆಳತಿ, ಹಿಂದಿ ಕಲಿಸುವವಳು, ನನ್ನ ಬೆವರು ನೋಡಿ ಗಾಬರಿಯಾದಳು. "ಗ್ಯಾಸ್ ಆಗಿರಬೇಕು ನೋಡು. ಒಂದು ಸೋಡಾ ಕುಡಿ, ಇಳೀತೈತಿ" ಎಂದಳು. ಕುಡಿದೆ. ಸ್ವಲ್ಪ ಹೊತ್ತಿಗೆ ಇಳಿಯಿತು ಕೂಡ. ಹೀಗಾಗಿ ಅದು ಗ್ಯಾಸೇ ಎಂದು ನಾನೂ ನಂಬಿದೆ. ಮುಂದೆ ಅದು ಬಂದಾಗಲೆಲ್ಲ ಸೋಡಾ, ಅಜವಾನದ ನೀರು, ಅಂಗಡಿಯಿಂದ ತರಿಸಿದ ಗುಳಿಗೆ. ಮದುವೆ ಊಟಕ್ಕೆ ಹೋಗುವುದನ್ನೇ ಬಿಟ್ಟೆ. ಮನೆಯವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಗಾಳಿಮಳೆ ಬಂದರೆ ಯಾವಾಗ ಮನೆಗೆ ಬರುತ್ತಾರೆಂದು ಹೇಳಲಾಗದು. ಅವರು ಬರುವಷ್ಟರಲ್ಲಿ ನೋವು ಹೋಗಿರುತ್ತಿತ್ತು, ನಾನು ಹೇಳುತ್ತಿರಲಿಲ್ಲ.

ಕೊನೆಗೆ ಅದು ಬಯಲಾದದ್ದು ಲಿಂಗಸುಗೂರಿನಲ್ಲಿ. ಶಿಕ್ಷಕರ ತರಬೇತಿಗೆಂದು ಹೋಗಿದ್ದೆವು. ಮಧ್ಯಾಹ್ನದ ಊಟದ ನಂತರ ಕುರ್ಚಿಯಲ್ಲಿ ಕೂರಲಾಗದೆ ಹೊರಗೆ ಬಂದು ವಾಂತಿ ಮಾಡಿಕೊಂಡೆ. ಅದೇ ಗೆಳತಿ ಜೊತೆಗಿದ್ದಳು. ಈ ಸಲ ಸೋಡಾದ ಮಾತೆತ್ತಲಿಲ್ಲ. ಆಟೋ ಹತ್ತಿಸಿ ಸೀದಾ ದವಾಖಾನೆಗೆ ಕರೆದೊಯ್ದಳು. ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಇದು ಗ್ಯಾಸ್ ಅಲ್ಲಮ್ಮ. ಪಿತ್ತಕೋಶದಾಗ ಹರಳು ಅದಾವ. ಒಂದೆರಡಲ್ಲ, ಬಹಳ ಅದಾವ."

"ಗುಳಿಗಿಗೆ ಕರಗಂಗಿಲ್ಲೇನ್ರಿ?"

"ಕರಗಂಗಿಲ್ಲ. ಹರಳಷ್ಟ ತೆಗೆದ್ರ ಮತ್ತ ಬರತಾವ. ಚೀಲಾನ ತೆಗೀಬೇಕು."

"ಚೀಲಾನ ತೆಗೆದ್ರ ಉಂಡಿದ್ದು ಹೆಂಗ ಅರಗತೈತ್ರಿ?"

"ಪಿತ್ತ ತಯಾರಾಗೋದು ಲಿವರಿನಾಗ. ಇದು ಅದನ್ನ ಕೂಡಿ ಇಡೋ ಚೀಲ ಅಷ್ಟ. ಇಲ್ದಿದ್ರೂ ನಡೀತೈತಿ. ತಡ ಮಾಡಬ್ಯಾಡ್ರಿ."

ಮನೆಗೆ ಬಂದು ಹೇಳಿದರೆ ಒಬ್ಬೊಬ್ಬರದು ಒಂದೊಂದು ಮದ್ದು. ಪಕ್ಕದ ಮನೆಯವರು ಬಾರ್ಲಿ ನೀರು ಎಂದರು, ಇನ್ಯಾರೋ ಬಾಳೆದಿಂಡಿನ ರಸ. ಅವೆಲ್ಲ ಮೂತ್ರದ ಹರಳಿಗೆ ಹೇಳುವ ಮದ್ದುಗಳು, ನನಗೂ ಗೊತ್ತಿತ್ತು. ಆದರೂ ಕತ್ತರಿಯ ಹೆಸರು ಕೇಳಿದ ಮೇಲೆ ಮನುಷ್ಯ ಯಾವ ರಸವನ್ನಾದರೂ ಕುಡಿಯುತ್ತಾನೆ. ಕುಡಿದೆ. ಮತ್ತೊಂದು ಸಲ ನೋವು ಬಂದು ನೆಲದ ಮೇಲೆ ಮುದುಡಿ ಬಿದ್ದಾಗ ಮನೆಯವರು ಸಿಂಧನೂರಿನ ಸರ್ಜನ್ನರ ಬಳಿ ದಿನ ಗೊತ್ತು ಮಾಡಿಸಿ ಬಂದರು.

ನನ್ನ ತಾಯಿ ತೀರಿಹೋಗಿ ಬಹಳ ಕಾಲವಾಗಿತ್ತು. ಮಗಳು ರಾಯಚೂರಿನ ಹಾಸ್ಟೆಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಹೀಗಾಗಿ ನನ್ನನ್ನು ನೋಡಿಕೊಳ್ಳಲು ಅತ್ತೆ ಬಂದರು. ಅತ್ತೆ, ಮಾವ ಇರುವುದು ಪಾಮನಕಲ್ಲೂರಿನ ಆಚೆಯ ಹಳ್ಳಿಯಲ್ಲಿ. ಅವರದು ಕುರಿ ಕಾಯುವ ಬದುಕು. ಅತ್ತೆಗೆ ನಮ್ಮ ಮನೆಯಲ್ಲಿ ಗಾಳಿ ಸಾಲದು, ಗೋಡೆಗಳು ಹತ್ತಿರ. ಹಬ್ಬಕ್ಕೆ ಬಂದರೂ ಮರುದಿನವೇ ಹೊರಡುತ್ತಿದ್ದರು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಹೆಚ್ಚು ಮಾತೂ ಇರಲಿಲ್ಲ.

ಬಂದವರೇ ಗಂಟು ಇಳಿಸಿ, ಎಲ್ಲಿ ನೋವು ತೋರಿಸು ಎಂದರು. ತೋರಿಸಿದೆ. ಪಿತ್ತದ ಚೀಲ ತೆಗೆಯುತ್ತಾರಂತೆ ಎಂದೆ. ನಾನು ವಿವರಿಸಬೇಕಾಗಬಹುದು ಅಂದುಕೊಂಡಿದ್ದೆ.

"ಹಸರಂದಲ್ಲ? ಕಾಳಿಜದ ಬುಡಕ ಅಂಟಿಕೊಂಡಿರತೈತಿ. ಕುರಿ ಕೊಯ್ದಾಗ ನೋಡೀನಲ್ಲ. ಅದೇನರ ಒಡೀತಂದ್ರ ಮುಗೀತು, ಬಾಡೆಲ್ಲ ಕಹಿ" ಎಂದರು. ಕಾಳಿಜವೆಂದರೆ ಅವರ ಮಾತಿನಲ್ಲಿ ಲಿವರು.

ಸಿಂಧನೂರಿನ ಆಸ್ಪತ್ರೆಯಲ್ಲಿ ಸರ್ಜನ್ ನಮ್ಮನ್ನು ಕೂರಿಸಿ, ಹೊಟ್ಟೆ ಕೊಯ್ಯುವುದಿಲ್ಲ, ದುರ್ಬೀನಿನಿಂದ ಸಣ್ಣ ತೂತುಗಳಲ್ಲೇ ಮಾಡುತ್ತೇವೆ ಎಂದು ಹೇಳುತ್ತಿದ್ದಾಗ ಅತ್ತೆ ಎದ್ದು ನಿಂತು ಕೈ ಮುಗಿದರು. "ಯಪ್ಪಾ, ಅದನ್ನ ಒಡೀಲಾರದಂಗ ತಗೀರಿ. ಹುಡುಗಿ ಒಳಗೆಲ್ಲ ಕಹಿ ಆದೀತು." ನಲವತ್ತು ದಾಟಿದ ನನ್ನನ್ನು ಅವರು ಹುಡುಗಿ ಎಂದದ್ದು ಅದೇ ಮೊದಲು. ಸರ್ಜನ್ ನಗಲಿಲ್ಲ. "ಅದ ಕಾಳಜಿ ನಮಗೂ ಇರತೈತಮ್ಮ" ಎಂದರು.

ಮರುದಿನ ಬೆಳಿಗ್ಗೆ ನರ್ಸ್ ಬಂದು ಮೈಮೇಲಿನದೆಲ್ಲ ತೆಗೆಯಲು ಹೇಳಿದಳು. ಹಸಿರು ಗಾಜಿನ ಬಳೆಗಳನ್ನು ಅತ್ತೆಯೇ ಒಂದೊಂದಾಗಿ, ಒಡೆಯದಂತೆ, ಸೋಪಿನ ನೊರೆ ಹಚ್ಚಿ ಜಾರಿಸಿದರು. ತಾಳಿಯನ್ನು ತಮ್ಮ ಎಲೆ ಅಡಿಕೆಯ ಸಂಚಿಯೊಳಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ತಳ್ಳುಗಾಡಿಯಲ್ಲಿ ನನ್ನನ್ನು ಒಳಗೆ ಒಯ್ಯುವಾಗ ಅವರು ಗೋಡೆಗೆ ಅಂಟಿ ನಿಂತಿದ್ದರು. ಮನೆಯವರು ಏನೋ ಧೈರ್ಯ ಹೇಳುತ್ತಿದ್ದರು, ನನಗೆ ಕೇಳಿಸುತ್ತಿರಲಿಲ್ಲ. ಒಳಗೆ ಹಲ್ಲು ಕಟಕಟಿಸುವಷ್ಟು ಚಳಿ. ಯಾರೋ ನನ್ನ ಊರು ಕೇಳಿದರು. ಮಸ್ಕಿ ಎಂದು ಪೂರ್ತಿ ಹೇಳಿದೆನೋ ಇಲ್ಲವೋ ನೆನಪಿಲ್ಲ.

ಎಚ್ಚರವಾದಾಗ ಗಂಟಲು ಒಣಗಿ ಮರಳಿನಂತಾಗಿತ್ತು. ಅತ್ತೆ ಒದ್ದೆ ಹತ್ತಿಯಿಂದ ನನ್ನ ತುಟಿ ಒರೆಸುತ್ತಿದ್ದರು. ಹೊಟ್ಟೆಯ ನೋವಿಗೆ ನಾನು ಸಿದ್ಧಳಾಗಿದ್ದೆ, ಆದರೆ ಭುಜದ ನೋವಿನ ಬಗ್ಗೆ ಯಾರೂ ಹೇಳಿರಲಿಲ್ಲ. ಉಸಿರೆಳೆದರೆ ಬಲಭುಜಕ್ಕೆ ಚಾಕು ಹಾಕಿದಂತೆ. ಏನೋ ತಪ್ಪಾಗಿದೆ ಎಂದು ಅತ್ತುಬಿಟ್ಟೆ. ಸಾಲಗುಂದದ ಕಡೆಯವಳಾದ ಆ ನರ್ಸ್ ನನ್ನ ಕೈ ಹಿಡಿದು, "ಏನೂ ಆಗಿಲ್ರಿ ಅಕ್ಕ. ಹೊಟ್ಟಿ ಉಬ್ಬಸಾಕ ಗ್ಯಾಸ್ ತುಂಬಿರತಾರ, ಉಳಿದಿದ್ದು ಭುಜಕ್ಕ ಬಡೀತೈತಿ. ನಡದಾಡಿದ್ರ ಹೋಗತೈತಿ" ಎಂದಳು. ಇಷ್ಟು ದಿನ ಇಲ್ಲದ ಗ್ಯಾಸು ಈಗ ನಿಜಕ್ಕೂ ಬಂದಿತ್ತು. ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು.

ಅತ್ತೆ ನನ್ನನ್ನು ನಡೆಸಿದರು. ವರಾಂಡದ ಈ ತುದಿಯಿಂದ ಆ ತುದಿಗೆ, ನನ್ನ ತೋಳು ತಮ್ಮ ಹೆಗಲ ಮೇಲೆ ಹಾಕಿಕೊಂಡು. ನಾನು ಸಾಕೆಂದರೆ, "ಇನ್ನೊಂದ್ ಸುತ್ತ ಬೇ, ಕಿಡಕಿತನಕ" ಎನ್ನುವರು. ಕಿಟಕಿ ಮುಟ್ಟಿದರೆ, "ಇಲ್ಲಿತನಕ ಬಂದಿ, ತಿರುಗಿ ಹೋಗಾಕಬೇಕಲ್ಲ" ಎನ್ನುವರು.

ಮನೆಗೆ ಬಂದ ಮೇಲೆ ನೋವಿಗಿಂತ ಹೆಚ್ಚು ಕಾಡಿದ್ದು ಊಟದ ಹೆದರಿಕೆ. ಎಣ್ಣೆ, ಖಾರ ಸ್ವಲ್ಪ ದಿನ ಬೇಡ ಎಂದಿದ್ದರು. ನಾನು ಅನ್ನ ಕಂಡರೂ ಹೆದರತೊಡಗಿದ್ದೆ. ಒಳಗೆ ಒಂದು ಅಂಗವಿದ್ದ ಜಾಗ ಖಾಲಿ ಇದೆ ಎಂಬ ಯೋಚನೆ ಬಂದರೆ ತುತ್ತು ಇಳಿಯುತ್ತಿರಲಿಲ್ಲ. ಅತ್ತೆ ಗಂಜಿ ಕಾಸಿದರು, ಬೇಳೆಯ ಕಟ್ಟಿಗೆ ಬರೀ ಉಪ್ಪು, ಜೀರಿಗೆ ಹಾಕಿದರು, ಕೆನೆ ತೆಗೆದ ಮಜ್ಜಿಗೆ ಮಾಡಿದರು. ಎರಡು ತಾಟಿಗೆ ಬಡಿಸಿ ನನ್ನೆದುರು ಕೂತರು. "ನೀವ್ಯಾಕ ಇದನ್ನ ಉಣ್ಣತೀರಿ ಅತ್ತಿ? ನಿಮಗ ಬ್ಯಾರೆ ಮಾಡಿಕೊಳ್ರಿ" ಎಂದರೆ, "ಒಬ್ಬಾಕಿ ಸಪ್ಪಂದು ಉಣ್ಣಾಕ ಬ್ಯಾಸರ ಆಗತೈತಿ" ಎಂದರು. ಅವರು ಉಣ್ಣುವುದನ್ನು ನೋಡುತ್ತ ನಾನೂ ಉಣ್ಣತೊಡಗಿದೆ. ನಿಧಾನವಾಗಿ ಇಡ್ಲಿ, ಆಮೇಲೆ ರೊಟ್ಟಿಯ ಮೆತ್ತನೆಯ ನಡುಭಾಗ. ಒಂದಿನ ಸ್ವಲ್ಪ ಒಗ್ಗರಣೆ ಹಾಕಿದ ಪಲ್ಯ ತಿಂದು ಓಡೋಡಿ ಬಚ್ಚಲಿಗೆ ಹೋಗಬೇಕಾಯಿತು. ಮತ್ತೆ ಗಂಜಿಗೆ ಬಂದೆವು, ಇಬ್ಬರೂ.

ನಾನು ಶಾಲೆಗೆ ಮರಳುವ ಹೊತ್ತಿಗೆ ಅತ್ತೆ ಸಂಬಂಧಿಕರ ಮದುವೆಗೆಂದು ಊರಿಗೆ ಹೋಗಿ ಬಂದರು. ಬಂದ ದಿನ ಮಧ್ಯಾಹ್ನ ನಾನು ಅಡುಗೆಮನೆಯ ಕಿಟಕಿಯಿಂದ ಹಿತ್ತಲ ಕಡೆ ನೋಡಿದೆ. ಬಟ್ಟೆ ಒಗೆಯುವ ಬಂಡೆ ಬಿಸಿಲಿಗೆ ಕಾದಿತ್ತು. ಅತ್ತೆ ಅದರ ಮೇಲೆ ಹೊಟ್ಟೆ ಊರಿ, ಬೋರಲಾಗಿ ಬಿದ್ದಿದ್ದರು. ಓಡಿದೆ.

"ಅತ್ತಿ! ಏನಾತ್ರೀ?"

"ಏನಿಲ್ಲ ಬೇ. ಸುಮ್ನ ಮಕ್ಕೊಂಡೀನಿ."

ಮುಖದ ತುಂಬ ಬೆವರು. ಬಲಗೈ ಮುಷ್ಟಿಯಾಗಿ ಪಕ್ಕೆಯ ಕೆಳಗಿತ್ತು, ನನ್ನ ಮುಷ್ಟಿ ಎಲ್ಲಿರುತ್ತಿತ್ತೋ ಅಲ್ಲಿಯೇ. ನಾನು ಅವರ ಬೆನ್ನಿನ ಮೇಲೆ, ಭುಜದೆಲುಬಿನ ಕೆಳಗೆ ಬೆರಳಿಟ್ಟು ಕೇಳಿದೆ. "ಇಲ್ಲಿಗೂ ಬರಾಕತ್ತೈತೇನ್ರಿ?"

ಅತ್ತೆ ತಲೆಯೆತ್ತಿ ನೋಡಿದರು. "ನಿನಗ ಹೆಂಗ ಗೊತ್ತಾತು?" ಎಂದವರ ಕಣ್ಣು ನನ್ನ ಪಕ್ಕೆಯ ಕಡೆ ಹೊರಳಿತು.

ನೋವು ಇಳಿದ ಮೇಲೆ ಎಲ್ಲ ಹೇಳಿದರು. ಎಷ್ಟೋ ವರ್ಷದಿಂದ ಇತ್ತಂತೆ. ಅಡವಿಯಲ್ಲಿ ಕುರಿಯ ಹಿಂದಿರುವಾಗ ಬಂದರೆ ಬಿಸಿ ಬಂಡೆ ಹುಡುಕಿ ಹೊಟ್ಟೆ ಹಚ್ಚಿ ಮಲಗುತ್ತಿದ್ದರಂತೆ. ಮಾವನಿಗೂ ಹೇಳಿರಲಿಲ್ಲ. "ಅಂವಾ ಕುರಿ ಮುಂದಿರತಾನ, ನಾ ಹಿಂದಿರತೀನಿ. ಕುರಿ ನಿಂದ್ರತಾವೇನು? ನೋವು ಬಂದಿದ್ದು ಅಂವಗ ಕಾಣಂಗಿಲ್ಲ, ನಾ ಹೇಳಂಗಿಲ್ಲ." ನನ್ನ ಜೊತೆ ಸಪ್ಪೆ ಉಂಡ ದಿನಗಳಲ್ಲಿ ನೋವು ಒಂದು ಸಲವೂ ಬಂದಿರಲಿಲ್ಲವಂತೆ. ಮದುವೆಯ ಊಟ ಮತ್ತೆ ಎಬ್ಬಿಸಿತ್ತು.

ದವಾಖಾನೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಅವರ ಹೆದರಿಕೆ ಕತ್ತರಿಯದಲ್ಲ. "ನಿನ್ನ ಒಳಗ ಒಯ್ದಾಗ ಕಣ್ಣ ಬಿಟ್ಟಿದ್ದಿ. ಹೊರಗ ತಂದಾಗ ಮುಚ್ಚಿದ್ದಿ. ಕರೆದ್ರ ಓ ಅನ್ನಲಿಲ್ಲ. ನಾ ಎಷ್ಟ್ ಕರೆದೆ ಗೊತ್ತೈತೇನು?" ಎಂದರು. ನನಗೆ ಗೊತ್ತಿರಲಿಲ್ಲ. ಆ ಹೊತ್ತು ನನ್ನ ಪಾಲಿಗೆ ಇರಲೇ ಇಲ್ಲ, ಅವರೊಬ್ಬರೇ ಅದನ್ನು ಅನುಭವಿಸಿದ್ದರು.

ಮನೆಯವರು ಮಾವನಿಗೆ ಫೋನ್ ಮಾಡಿದರು. ಕುರಿಗಳನ್ನು ತಮ್ಮನ ವಶಕ್ಕೆ ಕೊಟ್ಟು ಮಾವ ಮರುದಿನವೇ ಕಂಬಳಿ ಹೊದ್ದು ಬಂದರು. ಹೆಂಡತಿಯನ್ನು ಗದರಿಸುತ್ತಾರೆಂದು ನಾವು ಅಂದುಕೊಂಡಿದ್ದೆವು. ಅವರು ಹೊಸ್ತಿಲ ಮೇಲೆ ಕೂತು ಕಂಬಳಿ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ, "ಒಂದು ಕುರಿ ಕುಂಟಿದ್ರ ನನಗ ದೂರದಿಂದ ಕಾಣತೈತಿ. ಇದು ಕಾಣಲಿಲ್ಲಲ್ಲ" ಎಂದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆತು, ಹೋಗೂನ" ಎಂದರು. ಸ್ಕ್ಯಾನಿಂಗಿನಲ್ಲಿ ಅವರದೂ ಹರಳೇ ಎಂದು ಕಂಡಿತು, ಸಿಂಧನೂರಿನ ಅದೇ ಸರ್ಜನ್ ದಿನ ಕೊಟ್ಟರು.

ಮಸ್ಕಿಯ ಹತ್ತಿ ಹೊಲಗಳು ಹಿಂದೆ ಬಿದ್ದು ಸಿಂಧನೂರಿನ ಭತ್ತದ ಗದ್ದೆಗಳು ಶುರುವಾಗುವತನಕ ಕಾರಿನಲ್ಲಿ ಅತ್ತೆ ನನ್ನನ್ನು ಕೇಳುತ್ತಲೇ ಇದ್ದರು. ಮೊದಲು ಏನು ಮಾಡುತ್ತಾರೆ, ಆಮೇಲೆ ಏನು. ನಾನು ಒಂದನ್ನೂ ಮುಚ್ಚಿಡದೆ ಹೇಳಿದೆ. ಕೈಗೆ ಸೂಜಿ, ಒಳಗೆ ಚಳಿ, ಊರು ಕೇಳುತ್ತಾರೆ, ಎದ್ದಾಗ ಗಂಟಲು ಒಣಗಿರುತ್ತದೆ, ಭುಜ ನೋಯುತ್ತದೆ. "ನೀವು ಕಣ್ಣ ತೆಗಿಯೂತನಕ ನಾ ಬಿಡಲಾರದ ಕರೀತೀನಿ ಅತ್ತಿ" ಎಂದೆ.

ಆಪರೇಷನ್ನಿನ ಬೆಳಿಗ್ಗೆ ಒಡವೆ ತೆಗೆಯುವಾಗ ಮೂಗಿನ ನತ್ತು ಮಾತ್ರ ತೊಂದರೆ ಕೊಟ್ಟಿತು. ಹುಡುಗಿಯಾಗಿದ್ದಾಗ ಹಾಕಿದ್ದು, ತಿರುಪು ಕೂಡಿಹೋಗಿತ್ತು. ನಾನು ಎಣ್ಣೆ ಬಿಟ್ಟು ತಿರುಗಿಸಿದೆ, ನರ್ಸ್ ತಿರುಗಿಸಿದಳು, ಬರಲಿಲ್ಲ. ಕೊನೆಗೆ ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿದರು. "ಮೂಗಿಗಿ ಗಾಯ ಆದಂಗ ಕಾಣಾಕತ್ತೀನಿ" ಎನ್ನುತ್ತಲೇ ಅತ್ತೆ ಒಳಗೆ ಹೋದರು.

ಅವರದು ತಡವಾಯಿತು. ಮಾವ ಬೆಂಚಿನ ಮೇಲೆ ಕೂರದೆ ಕೋಲಿಗೆ ಗದ್ದ ಊರಿ ನಿಂತೇ ಇದ್ದರು. ಮನೆಯವರು ಚಹಾ ತಂದರೆ ಕುಡಿಯಲಿಲ್ಲ. ನನಗೆ ನನ್ನ ಹೊಲಿಗೆಗಳೆಲ್ಲ ಮತ್ತೆ ನೋಯತೊಡಗಿದಂತಿತ್ತು. ಬಾಗಿಲು ತೆರೆದು ಸರ್ಜನ್ ಹೊರಬಂದಾಗ ಮಾವನ ಕೈ ನನ್ನ ಮೊಣಕೈ ಹಿಡಿದಿತ್ತು. ವರ್ಷಗಟ್ಟಲೆ ಬಾತು ಬಾತು ಚೀಲ ಸುತ್ತಲೂ ಅಂಟಿಕೊಂಡಿತ್ತಂತೆ, ಹೊಟ್ಟೆ ಕೊಯ್ಯಬೇಕಾದೀತೆಂದು ಅವರಿಗೂ ಅನ್ನಿಸಿತ್ತಂತೆ. ಕೊನೆಗೆ ತೂತಿನಲ್ಲೇ ಬಂತು ಎಂದರು. "ಇನ್ನೊಂದೀಟು ದಿನ ಬಿಟ್ಟಿದ್ರ ಕಷ್ಟ ಆಗತಿತ್ತು."

ನಾನು ಕೊಟ್ಟ ಮಾತಿನಂತೆ ಕರೆಯುತ್ತ ಕೂತೆ. ಅತ್ತಿ, ಅತ್ತಿ, ಅತ್ತಿ. ಅವರು ಕಣ್ಣು ಬಿಟ್ಟವರೇ, "ಕೇಳಸಾಕತ್ತೈತಿ ಬೇ, ಎಷ್ಟ್ ಒದರತಿ" ಎಂದರು. ಸ್ವಲ್ಪ ಹೊತ್ತಿಗೆ ಭುಜದ ನೋವು ಶುರುವಾಯಿತು. ನಾನು ಮೊದಲೇ ಹೇಳಿದ್ದರೂ, "ಹೊಟ್ಟಿ ಅಂತ ಹೇಳಿ ಭುಜ ಕೊಯ್ದಾರ ನೋಡು" ಎಂದು ನರ್ಸ್ ಜೊತೆ ಜಗಳ ತೆಗೆದರು. ಈ ಸಲ ಅವರ ತೋಳು ನನ್ನ ಹೆಗಲ ಮೇಲಿತ್ತು.

ಚೇತರಿಸಿಕೊಳ್ಳಲು ಅವರು ನಮ್ಮ ಮನೆಯಲ್ಲೇ ಉಳಿದರು. ನನಗೆ ಶಾಲೆ, ಮನೆಯವರಿಗೆ ಕೆಲಸ. ಅಡುಗೆ ಯಾರು ಎಂದು ನಾನು ಯೋಚಿಸುತ್ತಿರುವಾಗ ಮಾವ ಅಂಗಿ ಕಳಚಿಟ್ಟು ಜೋಳದ ಹಿಟ್ಟು ಕೇಳಿದರು. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ಹೋಗುವ ಗಂಡಸರು ತಾವೇ ರೊಟ್ಟಿ ಬಡಿದುಕೊಳ್ಳುತ್ತಾರೆ. ಕೇಳಿದ್ದೆ, ನೋಡಿರಲಿಲ್ಲ. ನಮ್ಮ ಗ್ಯಾಸ್ ಒಲೆಯ ಮುಂದೆ ಅವರಿಗೆ ನಿಂತು ಮಾಡುವುದು ರೂಢಿಯಿಲ್ಲ, ಒಲೆಯನ್ನೇ ನೆಲಕ್ಕಿಳಿಸಿ ಮುಂದೆ ಕೂತರು. ಅವರ ಅಗಲ ಅಂಗೈಯ ಕೆಳಗೆ ರೊಟ್ಟಿ ತೆಳ್ಳಗೆ ಹರಡುತ್ತಿತ್ತು.

ಮಂಚದ ಮೇಲಿಂದ ಅತ್ತೆ ಕತ್ತು ಚಾಚಿ ರೊಟ್ಟಿಯ ಅಂಚು ನೋಡಿದರು. "ದಂಡಿ ಹರಿದೈತಿ."

"ಅಡವ್ಯಾಗ ದಂಡಿ ಯಾರ್ ನೋಡತಾರ?"

"ಇದು ಅಡವಿ ಅಲ್ಲ, ಮಾಸ್ತರಮ್ಮನ ಮನಿ."

ಮಾವ ರೊಟ್ಟಿಯ ಮೆತ್ತನೆಯ ನಡುಭಾಗ ಮುರಿದು ಬೇಳೆಯ ಕಟ್ಟಿನಲ್ಲಿ ಅದ್ದಿ ಅವರ ಕೈಗಿಟ್ಟರು. ಅತ್ತೆ ಅನುಮಾನದಿಂದ ಬಾಯಿಗಿಟ್ಟು ಅಗಿದರು. ನುಂಗಿ, ಒಳಗೆ ಏನಾಗುತ್ತದೆಂದು ಕಿವಿಗೊಟ್ಟರು. ಏನೂ ಆಗಲಿಲ್ಲ. ಇನ್ನೊಂದು ತುಂಡಿಗೆ ಕೈ ಚಾಚಿದರು.