ಬೇರೆ ಮನೆಯ ಕಣ್ಣು

ಸಿಇಟಿ ಅರ್ಜಿಗೆ ಕೊನೆಯ ದಿನ ಯಾವುದು ಎಂಬ ಮೂರು ಸಾಲಿನ ಸುದ್ದಿಯನ್ನು ಪ್ರತಿ ವರ್ಷ ಯಾರಾದರೂ ಬರೆಯಬೇಕು. ನಮ್ಮ ಕಚೇರಿಯಲ್ಲಿ ನಾನು ಅದನ್ನು ಬರೆಯುವುದಿಲ್ಲ. ಬೇರೆ ಯಾವುದೋ ಕೆಲಸ ಹಿಡಿದು ಕೂರುತ್ತೇನೆ. ಕಾರಣವನ್ನು ಈವರೆಗೆ ಯಾರೂ ಕೇಳಿಲ್ಲ.

ಗಣಿ ಜೋರಾಗಿದ್ದ ವರ್ಷಗಳು. ನಾನು ಹೊಸಪೇಟೆಯವಳು, ಕಾಲೇಜಿಗೆ ನಡೆದೇ ಹೋಗುತ್ತಿದ್ದೆ. ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಸಂಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅದಿರಿನ ಲಾರಿಗಳು ರಸ್ತೆ ಕಟ್ಟಿದ ದಿನ ಅವಳು ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಪಿರಿಯಡ್ ಮುಗಿದಿರುತ್ತಿದ್ದವು. ಬಿಳಿ ವೇಲು ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು.

“ಲೋಡ್ ಬಂತು ನೋಡ್ರಲೇ!” ಎಂದು ಹಿಂದಿನ ಬೆಂಚಿನಿಂದ ಕೂಗು.

ಅವಳು ನೇರವಾಗಿ ಆ ಬೆಂಚಿಗೇ ಹೋಗಿ ವೇಲು ಕೊಡವುತ್ತಿದ್ದಳು. “ತಗೋರಿ, ನಿಮ್ಮ ಪಾಲು. ಟನ್ನಿಗೆ ಭಾಳ ರೇಟ್ ಐತಿ.”

ಅವಳಿಗೆ ಮೆಡಿಕಲ್ ಬೇಕಿತ್ತು. ಜೀವಶಾಸ್ತ್ರದಲ್ಲಿ ಅವಳನ್ನು ಮೀರಿಸಿದವರು ನಮ್ಮ ತರಗತಿಯಲ್ಲಿ ಇರಲಿಲ್ಲ. ಫಿಸಿಕ್ಸ್ ಮಾತ್ರ ದಿನಾ ಮೊದಲ ಪಿರಿಯಡ್. ಅದರ ಅರ್ಧ ಪೋರ್ಷನ್ ರಸ್ತೆಯಲ್ಲೇ ಕಳೆದುಹೋಗಿತ್ತು. ಹಾಗಾಗಿ ಆ ಮನೆಯಲ್ಲಿ ಪ್ರಶ್ನೆ ಎದ್ದಿತು: ಸಿಇಟಿ ಈ ವರ್ಷ ಬರೆಯುವುದೋ, ಒಂದು ವರ್ಷ ಕೂತು ಓದಿ ಮುಂದಿನ ವರ್ಷ ಬರೆಯುವುದೋ? ಎರಡು ಸಲ ಬರೆಯುವ ಮಾತೇ ಇರಲಿಲ್ಲ. ಲಾರಿ ಟಯರಿನ ಅಂಗಡಿ ಇಟ್ಟಿದ್ದ ಅವಳ ಅಪ್ಪ, ಒಂದೇ ಸಲ, ಸೀಟು ಬಂದರೆ ಓದು, ಬಾರದಿದ್ದರೆ ಇಲ್ಲ ಎಂದು ಹೇಳಿಬಿಟ್ಟಿದ್ದರು.

“ಬರಿಯೂದಿದ್ರ ಈ ವರ್ಷಾನ ಬರೀಲಿ,” ಎನ್ನುವುದು ಅವರ ವಾದ. “ವರ್ಷಗಟ್ಲೆ ಹುಡುಗಿ ಮನ್ಯಾಗ ಕುಂತ್ರ, ಅಕಿ ಪುಸ್ತಕ ನೋಡ್ತಾಳ, ಊರು ಅಕಿನ್ನ ನೋಡ್ತೈತಿ.”

ಅವಳ ಅವ್ವನದು ಬೇರೆ ಲೆಕ್ಕ. “ಅರ್ಧಂಬರ್ಧ ಓದಿ ಹೋಗಿ ಇದ್ದೊಂದು ಸಲಾನೂ ಕಳಕೊಂಡ್ರ? ಬ್ಯಾಡ. ಹೂ ಕೇಳೂಣು.”

ನನ್ನದು ಆಗಲೇ ತೀರ್ಮಾನವಾಗಿತ್ತು. ಮುಂದಿನ ವರ್ಷ ಬರೆಯುವುದು, ಅಲ್ಲಿಯವರೆಗೆ ಆಂಧ್ರದ ಊರೊಂದರ ಹಾಸ್ಟೆಲ್ಲಿನಲ್ಲಿದ್ದು ಲಾಂಗ್ ಟರ್ಮ್ ಕೋಚಿಂಗ್. ಅಲ್ಲಿ ಮಾತೆಲ್ಲ ತೆಲುಗು, ಸಂಜೆ ಆರಕ್ಕೆ ಗೇಟಿಗೆ ಬೀಗ ಎಂದು ಹೋಗಿಬಂದವರು ಹೇಳಿದ್ದರು. ಒಬ್ಬಳೇ ಹೋಗಲು ನನಗೆ ಹೆದರಿಕೆಯಿತ್ತು. ಅವಳು ಜೊತೆಗಿದ್ದರೆ ಹೆದರಿಕೆ ಇರುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅವಳ ಅವ್ವನ ತವರು ಕಂಪ್ಲಿ ಹತ್ತಿರದ ಮೆಟ್ರಿ. ಭತ್ತದ ಗದ್ದೆಯಂಚಿನಲ್ಲಿ ಅವರ ಮನೆದೇವತೆಯ ಸಣ್ಣ ಗುಡಿ. ದೇವಿಯ ಎರಡು ಭುಜಕ್ಕೂ ಹಿಡಿಯಷ್ಟು ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಹೌದು ಎಂದರ್ಥ, ಎಡಗಡೆಯದು ಬಿದ್ದರೆ ತಡೆ. ಇಷ್ಟು ಎಲ್ಲ ಕಡೆ ಇರುವುದೇ. ಅವರ ಮನೆತನದಲ್ಲಿ ಇನ್ನೊಂದು ಕಟ್ಟಳೆ ಇತ್ತು. ಕೇಳುವವರು ಕಣ್ಣು ಮುಚ್ಚಬೇಕು. ಪೂಜಾರಿ ದೇವಿಗೆ ಬೆನ್ನು ಮಾಡಿ ಗಂಟೆ ಬಾರಿಸಬೇಕು. ಬೇರೆ ಮನೆಯ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತು ನೋಡಿ, ಬಿದ್ದ ಹೂವನ್ನು ತಾಯಿಯ ಉಡಿಗೆ ಹಾಕಿ, ಯಾವ ಕಡೆಯದೆಂದು ಹೇಳಬೇಕು.

“ನಮ್ಮ ಕಣ್ಣಿಗೆ ಆಸಿ ಇರ್ತೈತಿ,” ಎಂದರು ಅವಳ ಅವ್ವ. “ಬ್ಯಾರೆ ಮನಿ ಕಣ್ಣಿಗೆ ಏನಿರ್ತೈತಿ? ನೀ ಬಾರವ್ವಾ.”

ಅರ್ಜಿಗೆ ಇನ್ನು ನಾಲ್ಕು ದಿನ ಉಳಿದಿದ್ದಾಗ ಮೂವರೂ ಹೋದೆವು. ಅಪ್ಪ ಅಂಗಡಿ ಬಿಟ್ಟು ಬರಲಿಲ್ಲ. ಹೂ ಹೇಳಿದಂತೆ ಆಗಲಿ ಎಂದಿದ್ದರಂತೆ. ಪೂಜಾರಿ ನನ್ನನ್ನು ಹೊಸ್ತಿಲಲ್ಲಿ ನಿಲ್ಲಿಸಿ, “ದೇವಿ ಬಲ ಅಂದ್ರ ನಿನಗ ಎಡ ಆಕ್ಕೈತಿ, ತಿಳೀತಾ?” ಎಂದು ಎರಡು ಸಲ ಹೇಳಿದರು. ಆದ್ದರಿಂದ, ಎಡಬಲ ಗೊಂದಲವಾಯಿತು ಎಂದು ನಾನು ಹೇಳುವಂತಿಲ್ಲ.

ಗಂಟೆ ಶುರುವಾಯಿತು. ಈ ವರ್ಷವೇ ಬರೆಯಲೇ ಎಂದು ಕೇಳಿ ತಾಯಿ ಮಗಳು ಕಣ್ಣು ಮುಚ್ಚಿ ಕೈಮುಗಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ದೇವಿಯ ಬಲಭುಜದಿಂದ ಒಂದು ಕನಕಾಂಬರ ಜಾರಿತು. ಅದು ನೆಲಕ್ಕೆ ಬೀಳಲಿಲ್ಲ. ಬಲಗೈ ಮುಂದೆ ಚಾಚಿದ ವಿಗ್ರಹ ಅದು, ಹೂ ಬಂದು ಆ ಅಂಗೈಯಲ್ಲಿ ನಿಂತಿತು. ಅಲ್ಲಿಂದಲೇ ಎತ್ತಿಕೊಂಡೆ. ತಣ್ಣಗಿತ್ತು. ಅವಳ ಅವ್ವನ ಉಡಿಗೆ ಹಾಕಿದೆ.

ಗಂಟೆ ನಿಂತಿತು. “ಯಾವ ಕಡಿ?” ಎಂದರು ಅವ್ವ, ಇನ್ನೂ ಕಣ್ಣು ಮುಚ್ಚಿಕೊಂಡೇ.

“ಎಡ.”

ಪೂಜಾರಿ ತಿರುಗಿದರು. “ದೇವಿ ಎಡಾನೋ, ನಿನ್ನ ಎಡಾನೋ? ನೋಡಿ ಹೇಳು.”

ತಿದ್ದಿಕೊಳ್ಳಲು ಅವರೇ ದಾರಿ ಕೊಟ್ಟಿದ್ದರು. “ದೇವಿ ಎಡ,” ಎಂದೆ.

ಗೆಳತಿ ಕಣ್ಣು ತೆರೆದಳು. ದೇವಿಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು. ಮರಳಿ ಬರುವಾಗ ಬಸ್ಸಿನಲ್ಲಿ, “ಹೋಗ್ಲಿ ಬಿಡಲೇ, ಮುಂದಿನ ವರ್ಷ ಇಬ್ರೂ ಕೂಡೇ ಹೋಗೂಣು,” ಎಂದಳು.

ಅರ್ಜಿಯ ದಿನ ದಾಟಿತು. ಬೇಸಿಗೆಯಲ್ಲಿ ಅವಳ ಅಪ್ಪ ಹೇಳಿದ್ದೇ ನಡೆಯಿತು. ಊರು ನೋಡಿತು. ಲಾರಿಗಳಿದ್ದ ಮನೆಯೊಂದರಿಂದ ಸಂಬಂಧ ಬಂತು. ಮದುವೆಯಾದ ಮೇಲೂ ಪರೀಕ್ಷೆ ಬರೆಯಬಹುದಲ್ಲ ಎಂದರು ಗಂಡಿನ ಕಡೆಯವರು. ಬರೆಸಲಿಲ್ಲ.

ಹಾಸ್ಟೆಲ್ಲಿಗೆ ನಾನು ಒಬ್ಬಳೇ ಹೋದೆ. ಮರುವರ್ಷ ಬಳ್ಳಾರಿಯ ಪರೀಕ್ಷಾ ಕೇಂದ್ರದಲ್ಲಿ ನನ್ನ ಮುಂದಿನ ಬೆಂಚು ಖಾಲಿಯಿತ್ತು. ಅದು ಅವಳದಲ್ಲ, ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ಆದರೂ ಪರೀಕ್ಷೆ ಮುಗಿಯುವವರೆಗೂ ಅದನ್ನೇ ನೋಡುತ್ತಿದ್ದೆ. ರ‍್ಯಾಂಕ್ ಬರಲಿಲ್ಲ. ಡಿಗ್ರಿ ಮುಗಿಸಿ ಪತ್ರಿಕೆ ಸೇರಿದೆ. ಅವಳು ಆ ವರ್ಷವೇ ಬರೆದಿದ್ದರೆ ಸೀಟು ಸಿಗುತ್ತಿತ್ತು ಎಂದು ಬರೆಯಲು ನನ್ನಲ್ಲಿ ಆಧಾರವಿಲ್ಲ. ಸಿಗುತ್ತಿರಲಿಲ್ಲ ಎಂದು ಬರೆಯಲೂ ಇಲ್ಲ.

ಗಣಿ ನಿಂತ ಮೊದಲ ತಿಂಗಳಲ್ಲಿ, ಕೆಲಸವಿಲ್ಲದೆ ನಿಂತ ಲಾರಿಗಳ ಬಗ್ಗೆ ವರದಿ ಮಾಡಲು ಸಂಡೂರಿಗೆ ಹೋದೆ. ಅವಳ ಮನೆಯಂಗಳದಲ್ಲೂ ನಾಲ್ಕು ನಿಂತಿದ್ದವು. ಟೀ ಕೊಟ್ಟಳು. ನೋಟ್‌ಬುಕ್ ಮುಚ್ಚಿಟ್ಟು, “ಅವತ್ತು ಮೆಟ್ರ್ಯಾಗ...” ಎಂದು ಶುರು ಮಾಡಿದೆ.

“ಬಲಕ್ಕ ಬಿದ್ದಿತ್ತು. ಗೊತ್ತೈತಿ.” ಅವಳು ನಕ್ಕಳು. “ನಾನೂ ಕಣ್ಣು ಬಿಟ್ಟಿದ್ನೆಲೇ. ಫಿಸಿಕ್ಸ್ ನೆನಸಿಕೊಂಡು ಎದಿ ಹೊಡಕೊಂತಿತ್ತು. ನೀ ಎಡ ಅಂದಿ, ನಾ ಸುಮ್ನಾದೆ. ಇಬ್ರೂ ಕಳ್ಳಿಗಳು. ಟೀ ಕುಡಿ, ಆರತೈತಿ.”

ಎದೆಯ ಮೇಲಿನ ಭಾರ ಒಂದು ಕ್ಷಣ ಇಳಿಯಿತು. ಒಂದು ಘಟನೆಗೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳಿದ್ದರೆ ನಮ್ಮ ಕಸುಬಿನಲ್ಲಿ ಸುದ್ದಿ ಅಚ್ಚಿಗೆ ಹೋಗುತ್ತದೆ. ಆದರೆ ಸಾಕ್ಷಿಯನ್ನು ಇನ್ನೊಂದು ಪ್ರಶ್ನೆ ಕೇಳುವುದೂ ನಮ್ಮ ಕಸುಬೇ. ಕೇಳಬಾರದಿತ್ತು.

“ಎಲ್ಲಿ ಬಿತ್ತು ಹೂ?”

“ನೆಲಕ್ಕ. ಹೂ ಇನ್ನೆಲ್ಲಿ ಬೀಳತೈತಿ?”

ಹೂ ನೆಲ ಮುಟ್ಟಿರಲೇ ಇಲ್ಲ. ಅವಳು ನೋಡಿರಲಿಲ್ಲ. ನನ್ನ ತಪ್ಪಿನಲ್ಲಿ ಅರ್ಧ ತಾನು ಹೊರಲು, ಟೀ ಕೊಟ್ಟಷ್ಟೇ ಸಲೀಸಾಗಿ ಸುಳ್ಳು ಹೇಳಿದ್ದಳು. ಬಲಕ್ಕೆ ಬಿದ್ದದ್ದು ಮಾತ್ರ ನಿಜ, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಗುಡಿಯಲ್ಲಿ ಕಣ್ಣು ತೆರೆದು ಅವಳು ನೋಡಿದ್ದು ನನ್ನ ಮುಖವನ್ನು. ಅವತ್ತೇ ಗೊತ್ತಾಗಿದ್ದರೆ, ಅರ್ಜಿಗೆ ಇನ್ನೂ ನಾಲ್ಕು ದಿನವಿತ್ತು, ಅವಳು ಮನೆಯಲ್ಲಿ ಹೇಳಬಹುದಿತ್ತು.

ಯಾವಾಗ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಆರಿದ ಟೀ ಕುಡಿದೆ. ಅವಳು ಲೋಟ ತೊಳೆಯಲು ಎದ್ದಳು.