ಉಪ್ಪು ಹಾಕದ ಸಾಲು

ಬಾಟಲಿಗಳಲ್ಲಿ ಸಸಿ ಬೆಳೆಸುವ ಆ ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವಳು ಬಾಟಲಿ ಅಕ್ಕ. ಬಾಟಲಿ ತೊಳೆದು, ಸಸಿಗಳಿಗೆ ಬೇಕಾದ ಪೋಷಕ ದ್ರವ ಕಲಸಿ ತುಂಬುವುದು ಹದಿನೆಂಟು ವರ್ಷಗಳಿಂದ ಅವಳದೇ ಕೆಲಸ. ಅವಳ ಅಳತೆಯಲ್ಲಿ ತಪ್ಪು ಹುಡುಕಿದವರು ಅವಳ ಬಾಯಿಗೆ ಬಿದ್ದು ಬದುಕಿದ್ದಿಲ್ಲ.

ಈ ಸಲ ಅಲ್ಲಿನ ವಿಜ್ಞಾನಿ ಮೇಡಂ ಬಾಟಲಿಯೊಳಗಿನ ಅನಾನಸ್ ಸಸಿಗಳಿಗೆ ಉಪ್ಪು ಉಣಿಸುತ್ತಿದ್ದರು. ಉಪ್ಪು ಹೆಚ್ಚಾದರೆ ಎಲೆಯಲ್ಲಿ ಒಂದು ಕಿಣ್ವ ಚುರುಕಾಗುತ್ತದೆ. ಎಷ್ಟೆಂದು ಅಳೆದು ನೋಡಿದರೆ, ಹೋಲಿಕೆಗೆಂದು ಉಪ್ಪೇ ಹಾಕದೆ ಇಟ್ಟ ಸಾಲಿನಲ್ಲೂ ಕಿಣ್ವ ಏರಿ ಕೂತಿತ್ತು.

"ಅಳೆಯೋ ಯಂತ್ರ ಕೆಟ್ಟಿರ್ಬೇಕು," ಎಂದು ಮೇಡಂ ರಿಪೇರಿಯವನಿಗೆ ಹೇಳಿಕಳಿಸಲು ಫೋನ್ ಎತ್ತಿದರು.

ಬಾಟಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ನೀರು ಬಟ್ಟಿ ಇಳಿಸುವ ಯಂತ್ರ ಕೈಕೊಟ್ಟ ದಿನ, ಕೆಲಸ ನಿಲ್ಲಬಾರದೆಂದು ಆ ಸಾಲಿಗೆ ಅವಳು ನಲ್ಲಿ ನೀರನ್ನೇ ಬಳಸಿದ್ದಳು. ಬಕೆಟ್ಟಿಗೆಲ್ಲ ಬಿಳಿ ಕರೆ ಕಟ್ಟಿಸುವ ಬೋರ್‌ವೆಲ್ಲಿನ ಉಪ್ಪುನೀರು ಅದು.

"ಯಂತ್ರ ಸರಿಯಾಗೇ ಇದೆ ಮೇಡಂ. ನಲ್ಲಿ ನೀರು ಹಾಕಿದ್ದು ನಾನು."

"ಒಂದು ಮಾತು ಹೇಳ್ಬಾರದಿತ್ತಾ, ಅಕ್ಕ?"

"ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡೆ. ಇಷ್ಟು ವರ್ಷ ಯಾರ ಕೈಗೂ ಸಿಕ್ಕಿರ್ಲಿಲ್ಲ. ಈ ಬೆರಳುದ್ದದ ಸಸಿ ಹಿಡ್ಕೊಡ್ತು ನೋಡಿ!"

ಹಾಗಾದರೆ ಮೊದಲೂ ಎಷ್ಟು ಸಲ ಹೀಗೆ ಮಾಡಿದ್ದೀರಿ ಎಂದು ಕೇಳಲು ಬಾಯಿ ತೆರೆದ ಮೇಡಂ, ಅಕ್ಕ ತುಂಬಿದ ಬಾಟಲಿಗಳ ಪ್ರಯೋಗಕ್ಕೇ ಸಿಕ್ಕಿ ಗೋಡೆಯ ಮೇಲೆ ತೂಗುತ್ತಿದ್ದ ತಮ್ಮ ಹಳೆಯ ಪ್ರಶಸ್ತಿಪತ್ರ ಕಣ್ಣಿಗೆ ಬಿದ್ದು, ಪ್ರಶ್ನೆ ನುಂಗಿ ಫೋನ್ ಕೆಳಗಿಟ್ಟರು.