ಬೋವಿಕಾನದ ಗಡಂಗು ಮನೆ

ಕಾಸರಗೋಡಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಆರಾಣೆ ಕೊಟ್ಟು ಬೋವಿಕಾನಕ್ಕೆ ಹೊರಟೆ. ಬಿಳಿ ದೊರೆಯೊಬ್ಬ ಕಟ್ಟಿಸಿದ, ಆಮೇಲೆ ಕಳ್ಳಿನ ಗಡಂಗಾದ ಮನೆಯೊಂದರ ಚರಿತ್ರೆ ಬರೆಯುವ ಹುಚ್ಚು ನನಗೆ. “ಪಾನನಿರೋಧ ಬಂದು ಗಡಂಗು ಮುಚ್ಚಿ ಆಯಿತಲ್ಲ ಮಾರಾಯ್ರೆ, ಇನ್ನು ಎಂತ ನೋಡಲಿಕ್ಕೆ?” ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನಕ್ಕರು.

ಪೇಟೆಯಿಂದ ಒಂದು ಮೈಲು ನಡೆದೆ. ಮುರಕಲ್ಲಿನ ದಪ್ಪ ಗೋಡೆಯ ಮನೆ. ಅಲ್ಲೀಗ ಮುತ್ತಕ್ಕ ಎಂಬ ಮುದುಕಿಯೂ ಅವಳ ಮಗ ಐತಪ್ಪನೂ ಇದ್ದರು. ತೆಂಗಿನ ಮರದಿಂದ ಸಿಹಿರಸ ಇಳಿಸಿ ಬೆಲ್ಲ ಕಾಯಿಸುವುದಕ್ಕಷ್ಟೇ ಅವರಿಗೆ ಪರವಾನಗಿ. ಒಲೆ ಹೂಡುತ್ತಿದ್ದ ಮುತ್ತಕ್ಕ ನನ್ನ ಖಾದಿ ಕೋಟು, ಚರ್ಮದ ಚೀಲ ಕಂಡದ್ದೇ ಗಾಬರಿಯಿಂದ ಎದ್ದಳು. ಅಬಕಾರಿ ಇನ್‌ಸ್ಪೆಕ್ಟರೆಂದು ತಿಳಿದಳೆಂದು ಗೊತ್ತಾಯಿತು. ಅಲ್ಲವೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಅಧಿಕಾರಿಯೆಂದರೆ ಮನೆಯೆಲ್ಲ ತೋರಿಸಿಯಾಳು ಎಂಬ ಲೆಕ್ಕಾಚಾರ.

ತೋರಿಸಿದಳು. ದೊರೆ ಮಲಗುತ್ತಿದ್ದ ಕೋಣೆಯಲ್ಲೇ ಮುಂದೆ ಕಳ್ಳಿನ ಪೀಪಾಯಿಗಳಿದ್ದವಂತೆ.

“ಮರದ ವ್ಯಾಪಾರದ ದೊರೆ, ಧಣಿಗಳೇ. ಹೆಂಡತಿ ಜ್ವರದಲ್ಲಿ ಸತ್ತ ಮೇಲೆ ಬಿಟ್ಟು ಹೋದ. ಮತ್ತೆ ಗಡಂಗಿನ ಗುತ್ತಿಗೆದಾರರು ಬಂದರು. ಈ ಕಿಟಕಿಯಲ್ಲಿ ನನ್ನ ಗಂಡ ಅಳೆದು ಕೊಡುತ್ತಿದ್ದದ್ದು.”

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ ಬರೆದುಕೊಂಡೆ. ಐತಪ್ಪ ಎರಡು ಸಲ ಬಾಗಿಲಲ್ಲಿ ಬಂದು ನಿಂತು, ಏನೂ ಹೇಳದೆ ಹೋದ. ನನಗೆ ಅವನ ಕಡೆ ನೋಡುವ ಪುರುಸೊತ್ತಿರಲಿಲ್ಲ.

ಹೊರಬಂದಾಗ ಬಿಸಿಲು ನೆತ್ತಿಗೇರಿತ್ತು. ಐತಪ್ಪ ಮಡಕೆಗಟ್ಟಲೆ ರಸವನ್ನು ನೆಲಕ್ಕೆ ಚೆಲ್ಲುತ್ತಿದ್ದ. ಯಾಕೆಂದು ಕೇಳಿದೆ.

“ಇಳಿಸಿದ ಕೂಡಲೇ ಕಾಯಿಸಬೇಕು. ಹುಳಿ ಬಾರದ ಹಾಗೆ ಸುಣ್ಣ ಹಾಕಿದರೂ ಈ ಸೆಕೆಗೆ ನಿಲ್ಲುವುದಿಲ್ಲ,” ಎಂದ. “ಹುಳಿ ಬಂದರೆ ಬೆಲ್ಲ ಆಗುವುದಿಲ್ಲ. ಇಟ್ಟುಕೊಂಡರೆ ಕಳ್ಳು ಅಂತ ಕೇಸು.”

“ಮೊದಲೇ ಹೇಳಬಾರದಿತ್ತೇ?”

“ಇನ್‌ಸ್ಪೆಕ್ಟರು ವಿಚಾರಣೆ ಮಾಡುವಾಗ ಒಲೆ ಉರಿಸಲಿಕ್ಕೆ ಉಂಟಾ?”

ನಾಚಿಕೆಯಿಂದ ಮುಖವೆತ್ತಲಾಗಲಿಲ್ಲ. ಅವರ ಒಂದು ದಿನದ ಅನ್ನವನ್ನು ನನ್ನ ಬರೆಹದ ಚಪಲ ಮಣ್ಣುಪಾಲು ಮಾಡಿತ್ತು. ನೆರಳಿನಲ್ಲಿ ಸೊಪ್ಪು ಮುಚ್ಚಿಟ್ಟ ಒಂದು ಮಡಕೆ ಉಳಿದಿತ್ತು. ಐತಪ್ಪ ಬೆರಳದ್ದಿ ನೆಕ್ಕಿ, “ಇದು ಇನ್ನೂ ಸಿಹಿ ಉಂಟು,” ಎಂದ.

“ಇದನ್ನಾದರೂ ಈಗಲೇ ಕಾಯಿಸಿ. ನಾನು ಅಧಿಕಾರಿಯಲ್ಲ, ಮನೆ ನೋಡಲು ಬಂದವನು,” ಎಂದೆ. ಸುಮ್ಮನಿದ್ದದ್ದು ತಪ್ಪಾಯಿತೆಂದೂ ಹೇಳಿದೆ.

ಮುತ್ತಕ್ಕ ತಲೆಯಾಡಿಸಿದಳು. “ಹೋದ ಸಲ ಕೇಸು ಹಾಕಿದವರೂ ಮನೆ ನೋಡಲಿಕ್ಕೆ ಬಂದದ್ದು ಅಂತಲೇ ಹೇಳಿದ್ದು, ಧಣಿಗಳೇ.”

ಮತ್ತೆಷ್ಟು ಹೇಳಿದರೂ ಅವಳು ನಂಬಲಿಲ್ಲ. ದಾರಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಮುತ್ತಕ್ಕ ನನ್ನತ್ತ ಕೈಮುಗಿದು ನಿಂತಿದ್ದಳು. ನನಗೆ ಕಾಣುವ ಹಾಗೆಯೇ ಐತಪ್ಪ ಆ ಮಡಕೆಯನ್ನೂ ಬೋರಲು ಹಾಕಿದ.